ಎಂಟು ಗಂಟೆಯೊಳಗಿನ ಸಮುದ್ರ

ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ನಾಯಿ ಅಲೆಯ ಅಂಚಿನಲ್ಲಿ ಮಲಗಿಬಿಟ್ಟಿತು. ನೀರಿನಲ್ಲಿ ನಡೆದದ್ದು ಹತ್ತು ನಿಮಿಷ. ಎಂಟಾಗಲು ಇನ್ನೂ ಇಪ್ಪತ್ತು ನಿಮಿಷ ಬಾಕಿಯಿತ್ತು.

ಕಡಲತೀರಕ್ಕೆ ಇಳಿಯುವ ಮೆಟ್ಟಿಲ ಪಕ್ಕದಲ್ಲಿ ಪುರಸಭೆಯ ಬೋರ್ಡಿದೆ. ಬೇಸಿಗೆ ಸೀಸನ್ನಿನಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ನಾಯಿಗಳಿಗೆ ಪ್ರವೇಶವಿಲ್ಲ. ಅಕ್ಷರ ಓದಲಾಗದವರಿಗಾಗಿ ಕೆಳಗೆ ಒಂದು ನಾಯಿಯ ಚಿತ್ರ, ಅದರ ಮೇಲೆ ಕೆಂಪು ಅಡ್ಡಗೀಟು. ಚಿತ್ರದ ನಾಯಿ ತೆಳ್ಳಗಿದೆ. ಮರಳಿನ ಮೇಲೆ ಮಲಗಿದ್ದ ನಾಯಿ ತೆಳ್ಳಗಿರಲಿಲ್ಲ.

ಹಗ್ಗ ಹಿಡಿದು ನಿಂತಿದ್ದವಳು ದೊಡ್ಡಾಸ್ಪತ್ರೆಯ ಮೂಳೆ ವಾರ್ಡಿನ ನರ್ಸ್. ವಯಸ್ಸು ನಲವತ್ತಾರು. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಳು. ಪಾಳಿ ಮುಗಿಯಬೇಕಿದ್ದದ್ದು ಆರೂವರೆಗೆ. ಅವಳನ್ನು ಬಿಡಿಸಬೇಕಾದ ಹಗಲು ಪಾಳಿಯವಳು ಬಂದದ್ದು ಏಳು ಗಂಟೆ ಮೂರು ನಿಮಿಷಕ್ಕೆ. ಇಪ್ಪತ್ತಾರು ಹಾಸಿಗೆಗಳ ಸಂಗತಿಯನ್ನು ರಿಜಿಸ್ಟರಿನಲ್ಲಿ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡು, ಮನೆಗೆ ಹೋಗಿ, ನಾಯಿಯನ್ನು ಹಳೇ ಕಾರಿನ ಹಿಂದಿನ ಸೀಟಿಗೆ ಹತ್ತಿಸಿ ಇಲ್ಲಿಗೆ ಬರುವಾಗ ಏಳು ಇಪ್ಪತ್ತೆಂಟು ಆಗಿತ್ತು. ಬೇರೆ ದಿನಗಳಲ್ಲಾದರೆ ಆ ಹೊತ್ತಿಗೆ ನಡಿಗೆ ಮುಕ್ಕಾಲು ಮುಗಿದಿರುತ್ತಿತ್ತು.

"ಏಳೋ," ಎಂದಳು. "ಏಳಪ್ಪಾ, ನನಗೂ ಮಲಗಬೇಕು ಅನ್ನಿಸ್ತಿದೆ. ನಾನು ಮಲಗಿದ್ನಾ?"

ನಾಯಿ ಅವಳನ್ನು ನೋಡಿ, ತಲೆಯನ್ನು ಮುಂಗಾಲುಗಳ ಮೇಲೆ ಇಟ್ಟಿತು.

ಅದರ ಹೆಸರು ಮ್ಯಾನೇಜರ್. ಒಂಬತ್ತು ವರ್ಷದ ಹಿಂದೆ ಅವಳ ಗಂಡ ಅದನ್ನು ಬಸ್ ಡಿಪೋದಿಂದ ಅಂಗಿಯೊಳಗಿಟ್ಟುಕೊಂಡು ತಂದಿದ್ದ. ಅವನು ಟೌನ್ ಬಸ್ ಡ್ರೈವರ್. ಮರಿಯಾಗಿದ್ದಾಗಲೇ ಅದು ಬಾಗಿಲ ಬಳಿ ಕೂತು, ಮನೆಯವರೆಲ್ಲ ಕೆಲಸ ಮಾಡುವುದನ್ನು ನೋಡುತ್ತಾ, ತಾನು ಏನೂ ಮಾಡದೆ, ಊಟದ ಹೊತ್ತಿಗೆ ಸರಿಯಾಗಿ ಎದ್ದು ಬರುತ್ತಿತ್ತು. ಬೇರೆ ಹೆಸರು ಹುಡುಕುವ ಅಗತ್ಯ ಬೀಳಲಿಲ್ಲ.

ಸೀಸನ್ ಶುರುವಾದ ಮೊದಲ ವಾರದಲ್ಲಿ, ಮೆಟ್ಟಿಲಿಳಿಯುವಾಗ ನಾಯಿಯ ಬಲ ಹಿಂಗಾಲಿನ ಮಂಡಿಯ ಲಿಗಮೆಂಟ್ ಹರಿಯಿತು. ಆಪರೇಷನ್ ಮಾಡುವ ಸರ್ಜನ್ ಬೇರೆ ಊರಿನವರು. ತಿಂಗಳ ಕೊನೆಯ ಶನಿವಾರ ಮಾತ್ರ ಈ ಊರಿನ ಪಶು ಕ್ಲಿನಿಕ್ಕಿಗೆ ಬರುತ್ತಾರೆ. ಮೂವತ್ತೆರಡು ಕಿಲೋ ದಾಟಿದ್ದರೆ ಅವರು ಇದನ್ನು ಮುಟ್ಟುವುದಿಲ್ಲ ಎಂದು ಕ್ಲಿನಿಕ್ಕಿನ ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು. ಆ ದಿನದ ತೂಕ ಮೂವತ್ತೈದೂವರೆ.

"ಇಷ್ಟು ಭಾರ ಹೊತ್ತರೆ ರಿಪೇರಿ ಮಾಡಿದ ಮಂಡಿ ನಿಲ್ಲಲ್ಲ ಸಿಸ್ಟರ್, ನಿಮಗೆ ನಾನು ಹೇಳಬೇಕಾ? ಹಾಗಂತ ಬಿಟ್ಟರೆ ಎಡಗಾಲಿನ ಮಂಡಿಯೂ ಹೋಗುತ್ತೆ. ಆಮೇಲೆ ಇದನ್ನ ಎತ್ತಿಕೊಂಡೇ ಓಡಾಡಿಸಬೇಕು. ನೆಲದ ಮೇಲೆ ನಡೆಸಬೇಡಿ. ಹೊಟ್ಟೆ ಮುಟ್ಟುವಷ್ಟು ನೀರಲ್ಲಿ ದಿನಾ ಅರ್ಧ ಗಂಟೆ ನಡೆಸಿ. ಹೊತ್ತಿಗೆ ಒಂದೇ ಲೋಟದ ಹಾಗೆ ದಿನಕ್ಕೆ ಎರಡೇ ಲೋಟ ಡಾಗ್ ಫುಡ್."

ನರ್ಸ್ ಮೇಲ್ವಿಚಾರಕಿಯ ಬಳಿ ಹೋಗಿ, ಎಲ್ಲರೂ ತಪ್ಪಿಸಿಕೊಳ್ಳಲು ನೋಡುವ ರಾತ್ರಿ ಪಾಳಿಯನ್ನು ತಾನಾಗಿ ಕೇಳಿ ಪಡೆದಳು. ಹಗಲು ಪಾಳಿಯಲ್ಲಿದ್ದರೆ ಎಂಟರೊಳಗೆ ಸಮುದ್ರಕ್ಕೆ ಬರಲಾಗುತ್ತಿರಲಿಲ್ಲ. ಸಂಜೆ ಏಳರ ನಂತರವೆಂದರೆ, ಸೀಸನ್ನಿನ ಜನ ತೀರ ಬಿಟ್ಟು ಏಳುವ ಹೊತ್ತಿಗೆ ಕತ್ತಲಾಗಿರುತ್ತಿತ್ತು. ನಲವತ್ತು ಬೆಳಿಗ್ಗೆ ಬಂದಿದ್ದಳು. ಇದು ನಲವತ್ತೊಂದನೆಯದು. ಇವತ್ತು ಬುಧವಾರ. ಹತ್ತು ಗಂಟೆಗೆ ಕ್ಲಿನಿಕ್ಕಿನಲ್ಲಿ ಕೊನೆಯ ತೂಕ. ಅದಾದ ಮೇಲೆ ಶನಿವಾರದ ಪಟ್ಟಿ ಅಂತಿಮವಾಗುತ್ತಿತ್ತು. ಶನಿವಾರ ಕಳೆದರೆ ಹಗಲು ಪಾಳಿಗೆ ಮರಳಬಹುದು, ಮನುಷ್ಯರ ಹಾಗೆ ರಾತ್ರಿ ಮಲಗಬಹುದು ಎಂದು ಅವಳು ಎರಡು ವಾರದಿಂದ ದಿನ ಎಣಿಸುತ್ತಿದ್ದಳು.

ತೊಂದರೆಯೆಂದರೆ ನಾಯಿಯ ತೂಕ ಇಳಿಯುತ್ತಿರಲಿಲ್ಲ. ಇಪ್ಪತ್ತನೇ ದಿನ ತೂಗಿದಾಗ ಮುನ್ನೂರು ಗ್ರಾಂ ಏರಿತ್ತು. ಡಾಕ್ಟರಮ್ಮ ಥೈರಾಯ್ಡ್ ಇರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದರು. ಏನೂ ಇರಲಿಲ್ಲ. ನರ್ಸ್ ನಡಿಗೆಯನ್ನು ನಲವತ್ತು ನಿಮಿಷಕ್ಕೆ ಏರಿಸಿದಳು. ಗಂಡನ ಮೇಲೆ ಅನುಮಾನ ಬಂದು ವಾರ್ಡಿನಿಂದ ಫೋನು ಮಾಡಿ ಕೇಳಿದಳು.

"ಏನ್ರೀ, ಬಿಸ್ಕತ್ತು ಗಿಸ್ಕತ್ತು ಹಾಕ್ತಿದೀರಾ?"

"ನಿನ್ನಾಣೆ ಕಣೇ, ಒಂದು ಬಿಸ್ಕತ್ತೂ ಹಾಕಿಲ್ಲ."

ಅವನು ಹೇಳಿದ್ದು ನಿಜ. ಬಿಸ್ಕತ್ತು ಹಾಕಿರಲಿಲ್ಲ.

ಏಳು ಐವತ್ತಕ್ಕೆ ಸೀಟಿಯಣ್ಣ ಬಂದ. ಅವನು ತೀರದ ಕಾವಲುಗಾರ. ಐವತ್ತೈದು ದಾಟಿದವನು. ಸೀಸನ್ನಿನ ನಾಲ್ಕು ತಿಂಗಳು ಕತ್ತಿನಲ್ಲಿ ಸೀಟಿ ಇಲ್ಲದೆ ಅವನನ್ನು ಯಾರೂ ನೋಡಿದ್ದಿಲ್ಲ.

"ಏನ್ ಸಿಸ್ಟರ್, ಮ್ಯಾನೇಜರ್ ಸಾಹೇಬ್ರು ಧರಣಿ ಕೂತಿದ್ದಾರಾ?"

"ಕೂತಿದ್ರೆ ಮಾತಾಡಿ ಎಬ್ಬಿಸಬಹುದಿತ್ತು ಅಣ್ಣ. ಮಲಗಿದ್ದಾರೆ."

"ಎಂಟಕ್ಕೆ ನಾನು ಊದಲೇಬೇಕು. ನೋಡಿ, ಆಗಲೇ ಜನ ಬರ್ತಿದ್ದಾರೆ. ನಾನು ಊದದಿದ್ರೆ ಅವರು ಕಂಪ್ಲೇಂಟ್ ಬರೀತಾರೆ."

"ಊದಿ. ನಿಮ್ಮ ಸೀಟಿಗೆ ಇದು ಎದ್ದರೆ ನಾನೇ ನಿಮಗೆ ಕೈ ಮುಗೀತೀನಿ."

ಜನ ನಿಜಕ್ಕೂ ಬರುತ್ತಿದ್ದರು. ಕೊಡೆ, ಚಾಪೆ, ಮಕ್ಕಳ ಬಕೆಟ್ಟು. ನೆತ್ತಿಯ ಮೇಲೆ ಬರುವ ಮುಂಚೆಯೇ ಬಿಸಿಲು ಮರಳಿನಿಂದ ಎದ್ದು ಮುಖಕ್ಕೆ ಹೊಡೆಯುತ್ತಿತ್ತು. ನರ್ಸ್ ಮಂಡಿಯೂರಿ ನಾಯಿಯ ಎಡ ಹಿಂಗಾಲನ್ನು ಮುಟ್ಟಿದಳು. ಮಂಡಿ ಬೆಚ್ಚಗಿತ್ತು. ಒತ್ತಿದಾಗ ನಾಯಿ ಕಾಲು ಹಿಂದೆ ಎಳೆದುಕೊಂಡಿತು. ವಾರ್ಡಿನಲ್ಲಿ ಇಂಥದ್ದನ್ನು ಸಾವಿರ ಸಲ ನೋಡಿದ್ದವಳು. ಅವಳು ಎದ್ದು ನಿಂತು ಕಾರಿನ ಕಡೆ ನೋಡಿದಳು.

ಎಂಟಕ್ಕೆ ಸೀಟಿಯಣ್ಣ ಊದಿದ. ನಾಯಿ ಒಂದು ಕಿವಿ ಎತ್ತಿ, ಇಳಿಸಿತು.

"ಇದನ್ನ ಎತ್ತಬೇಕು ಅಣ್ಣ," ಎಂದು ಹೇಳಿ ಅವಳು ಕಾರಿನ ಕಡೆ ಹೋದಳು. ಹಿಂದಿನ ಸೀಟಿಗೆ ಹಾಸಿದ್ದದ್ದು ಹಳತಾಯಿತೆಂದು ವಾರ್ಡಿನಿಂದ ಕಂಡೆಮ್ ಆದ ಬೆಡ್‌ಶೀಟು. ಅದನ್ನು ತಂದು ಉದ್ದಕ್ಕೆ ಅರ್ಧ ಸುರುಳಿ ಸುತ್ತಿ ನಾಯಿಯ ಬೆನ್ನಿಗೆ ಒತ್ತಿ ಇಟ್ಟಳು. ಎದ್ದೇಳಲಾಗದ ರೋಗಿಯ ಕೆಳಗೆ ಶೀಟು ಹಾಸುವುದು ಹೀಗೆಯೇ: ಒಂದು ಮಗ್ಗುಲಿಗೆ ತಿರುಗಿಸಿ ಸುರುಳಿಯನ್ನು ಬೆನ್ನಡಿ ತುರುಕಬೇಕು, ಆಮೇಲೆ ಇನ್ನೊಂದು ಮಗ್ಗುಲಿಗೆ ಹೊರಳಿಸಿ ಸುರುಳಿಯನ್ನು ಆಚೆ ಎಳೆಯಬೇಕು.

"ಸ್ವಲ್ಪ ಈ ಕಡೆ ತಿರುಗಿ ಸರ್," ಎಂದಳು, ಅಭ್ಯಾಸಬಲದಿಂದ. "ಅಷ್ಟೇ ಅಷ್ಟೇ, ಮುಗೀತು."

ಶೀಟಿಗೆ ನಾಲ್ಕು ಮೂಲೆ. ಇದ್ದವರು ಇಬ್ಬರು. ಸೀಟಿಯಣ್ಣ ಸುತ್ತ ನೋಡಿ, ಸೊಂಟಕ್ಕೆ ಗಾಳಿ ತುಂಬಿದ ಹಳದಿ ಟ್ಯೂಬು ಸಿಕ್ಕಿಸಿಕೊಂಡು ಸಮುದ್ರಕ್ಕೆ ಹೊರಟಿದ್ದ ಒಬ್ಬ ಪ್ರವಾಸಿಯನ್ನು ಕರೆದ. ಅವನು ಟ್ಯೂಬು ತೆಗೆಯದೆಯೇ ಬಂದು ಒಂದು ಮೂಲೆ ಹಿಡಿದ.

ಎಂಟು ಗಂಟೆ ಐದು ನಿಮಿಷಕ್ಕೆ ಮೆಟ್ಟಿಲ ಮೇಲಿನ ಕೊನೆಯ ಸ್ಟಾಪಿನಲ್ಲಿ ಬಸ್ಸು ನಿಂತಿತು. ಅದರ ಡ್ರೈವರ್ ಅವಳ ಗಂಡ. ಸೀಸನ್ನಿಗೆಂದು ಬಿಟ್ಟ ಹೆಚ್ಚುವರಿ ಬಸ್ಸು ಅದು. ಇಲ್ಲಿ ಆರು ನಿಮಿಷ ನಿಂತು ವಾಪಸ್ ಹೊರಡುತ್ತದೆ. ದಿನವೂ ಅವನು ಈ ಹೊತ್ತಿಗೆ ಬರುತ್ತಿದ್ದ, ಆದರೆ ಅವಳು ಹೋಗಿಯಾಗಿರುತ್ತಿತ್ತು. ಅವನ ಕೆಲಸ ಬೆಳಿಗ್ಗೆ ಐದರಿಂದ ಹತ್ತೂವರೆ, ಮತ್ತೆ ಸಂಜೆ ನಾಲ್ಕರಿಂದ ಒಂಬತ್ತು. ಹನ್ನೊಂದಕ್ಕೆ ಅವನು ಮನೆಗೆ ಬರುವಾಗ ಅವಳು ಮಲಗಿರುತ್ತಿದ್ದಳು. ಅವಳು ಏಳುವಾಗ ಅವನು ಹೊರಟಾಗಿರುತ್ತಿತ್ತು. ರಾತ್ರಿ ಅವನು ಬರುವಾಗ ಅವಳು ವಾರ್ಡಿನಲ್ಲಿ. ಒಂದೇ ಮಂಚ, ಒಂದೇ ದಿಂಬು, ಬೇರೆ ಬೇರೆ ಹೊತ್ತು. ಸೀಸನ್ನಿನ ಗದ್ದಲದಲ್ಲಿ ಇಬ್ಬರಿಗೂ ವಾರದ ರಜೆ ಸಿಕ್ಕಿರಲಿಲ್ಲ.

ಅವನು ಖಾಕಿಯಲ್ಲೇ ಮರಳಿಗೆ ಓಡಿ ಬಂದ.

"ಏನಾಯ್ತೇ?"

"ಮ್ಯಾನೇಜರ್ ರಾಜೀನಾಮೆ ಕೊಟ್ಟ. ಆ ಮೂಲೆ ಹಿಡೀರಿ. ಬೆನ್ನು ಬಗ್ಗಿಸಬೇಡಿ, ಮಂಡಿ ಬಗ್ಗಿಸಿ. ಒಂದು, ಎರಡು, ಮೂರು ಅಂತೀನಿ. ಮೂರಕ್ಕೆ ಎತ್ತಬೇಕು, ಎರಡಕ್ಕಲ್ಲ."

ಪ್ರವಾಸಿ ಎರಡಕ್ಕೇ ಎತ್ತಿದ. ಮತ್ತೆ ಮೊದಲಿನಿಂದ ಎಣಿಸಿದಳು.

ಕಾರು ಎಂಬತ್ತು ಹೆಜ್ಜೆ ದೂರದಲ್ಲಿತ್ತು. ನಾಲ್ವರೂ ನಲವತ್ತು ಹೆಜ್ಜೆಗೆ ಶೀಟು ಕೆಳಗಿಟ್ಟು ಉಸಿರು ಬಿಟ್ಟರು. ನಾಯಿ ನಡುವೆ ಮಲಗಿ, ತನ್ನನ್ನು ಹೊತ್ತವರನ್ನು ಒಬ್ಬೊಬ್ಬರನ್ನಾಗಿ ನೋಡಿತು.

"ಅಬ್ಬಬ್ಬಾ," ಎಂದ ಗಂಡ. "ಗೋಣಿಚೀಲ ಹೊತ್ತ ಹಾಗಿದೆ. ಹೊತ್ತಿಗೆ ಒಂದು ಲೋಟ ತಿನ್ನೋ ನಾಯಿ ಇಷ್ಟು ತೂಗುತ್ತಾ?"

"ಅದೇ ನಾನೂ ನಲವತ್ತು ದಿನದಿಂದ ಕೇಳ್ತಿರೋದು. ಎರಡು ಹೊತ್ತೂ ನಾನೇ ಅಳೆದು ಹಾಕ್ತೀನಿ. ಒಂದು ಕಾಳು ಹೆಚ್ಚು ಬೀಳಲ್ಲ."

ಗಂಡ ಸೊಂಟದ ಮೇಲೆ ಇಟ್ಟಿದ್ದ ಕೈ ತೆಗೆದ. "ಎರಡು ಹೊತ್ತೂ ಅಂದ್ರೆ?"

"ಇಲ್ಲಿಂದ ಮನೆಗೆ ಹೋದ ತಕ್ಷಣ ಒಂದು. ಸಂಜೆ ಡ್ಯೂಟಿಗೆ ಹೊರಡೋ ಮುಂಚೆ ಒಂದು."

"ಸಂಜೆ ನೀನು ಹಾಕಿ ಹೋಗ್ತೀಯಾ?"

"ಮತ್ತೆ ಪಕ್ಕದ ಮನೆಯವರು ಬಂದು ಹಾಕ್ತಾರಾ?"

"ಅಲ್ಲ... ಬಟ್ಟಲು ಬೋರಲು ಇರುತ್ತಲ್ಲ. ಒಂದು ಹನಿ ನೀರು ಕೂಡ ಇರಲ್ಲ ಅದರಲ್ಲಿ."

"ತೊಳೆದು ಒರೆಸಿ ಬೋರಲು ಹಾಕ್ತೀನಿ. ಹಾಗೇ ಬಿಟ್ಟರೆ ಇರುವೆ ಬರಲ್ವಾ?"

ಗಂಡ ಸಮುದ್ರದ ಕಡೆ ನೋಡಿದ. ಆಮೇಲೆ ನಿಧಾನವಾಗಿ ಹೇಳಿದ. "ಶುರುವಿನಲ್ಲಿ ಒಂದ್ಸಲ ನೀನು ವಾರ್ಡಿಂದ ಫೋನ್ ಮಾಡಿದ್ದೆ. ಹಾಕೋದು ಮರೆತೆ, ಬಂದ ಮೇಲೆ ನೀವು ಹಾಕಿ ಅಂತ. ಆವತ್ತಿಂದ ಬಂದ ತಕ್ಷಣ ಬಟ್ಟಲು ನೋಡ್ತೀನಿ. ದಿನಾ ಬೋರಲೇ ಇರುತ್ತೆ. ಪಾಪ, ಸುಸ್ತಲ್ಲಿ ಮರೀತಾಳೆ ಅಂದ್ಕೊಂಡು ಹಾಕ್ತೀನಿ."

"ದಿನಾನಾ?"

"ದಿನಾ ಒಂದೇ ಲೋಟ ಕಣೇ, ಅಳೆದು. ತಿಂದ ಮೇಲೆ ತೊಳೆದು, ಒರೆಸಿ, ಬೋರಲು ಹಾಕ್ತೀನಿ. ಇಲ್ಲಾಂದ್ರೆ ನೀನು ಬೈತೀಯ."

ಸೀಟಿಯಣ್ಣ ನಡುವೆ ಬಾಯಿ ಹಾಕಿದ. "ರಾತ್ರಿ ಮಾತ್ರಾನಾ ಡ್ರೈವರ್ ಸಾರ್?"

ಗಂಡ ಕತ್ತು ಕೆರೆದುಕೊಂಡ. "ಹನ್ನೊಂದಕ್ಕೆ ಮನೆಗೆ ಬರ್ತೀನಲ್ಲ. ಆಗ ಇವಳು ಮಲಗಿರ್ತಾಳೆ. ಇದು ಬಾಗಿಲಲ್ಲೇ ಕೂತು ನೋಡುತ್ತೆ. ಆ ನೋಟ ನೀವು ನೋಡಬೇಕು. ಬಟ್ಟಲು ನೋಡಿದ್ರೆ..."

"ಬೋರಲು," ಎಂದ ಟ್ಯೂಬಿನವನು.

"ಹೂಂ."

"ಒಟ್ಟು ನಾಲ್ಕು ಲೋಟ," ಎಂದ ಸೀಟಿಯಣ್ಣ. "ಭಲೇ ಸಾಹೇಬ್ರೇ. ನಮ್ಮನೇಲಿ ನನಗೆ ಎರಡು ಹೊತ್ತು ಸರಿಯಾಗಿ ಸಿಗಲ್ಲ."

ನರ್ಸ್ ಮರಳಿನ ಮೇಲೆ ಕೂತಳು. ಡಾಗ್ ಫುಡ್ ಚೀಲ ತರುವುದು ಗಂಡನ ಕೆಲಸ. ಡಿಪೋ ಪಕ್ಕದ ಅಂಗಡಿಯಿಂದ ತಂದು ತಗಡಿನ ಡಬ್ಬಿಗೆ ಅವನೇ ಸುರಿಯುತ್ತಿದ್ದ. ಆದ್ದರಿಂದ ಡಬ್ಬಿ ಬೇಗ ಖಾಲಿಯಾಗುವುದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಅವನಿಗೆ ಹೊತ್ತಿಗೊಂದು ಲೋಟ ಎಂಬುದಷ್ಟೇ ಗೊತ್ತಿತ್ತು, ಹಾಕುವವರು ಇಬ್ಬರಿದ್ದಾರೆಂದು ಗೊತ್ತಿರಲಿಲ್ಲ. ವಾರ್ಡಿನಲ್ಲಿ ಒಂದು ಮಾತ್ರೆ ಕೊಟ್ಟರೂ ಅವಳು ಗಂಟೆ, ನಿಮಿಷ, ಸಹಿ ಬರೆಯುತ್ತಾಳೆ. ಅವನು ಬಸ್ಸಿನ ಪ್ರತಿ ಟ್ರಿಪ್ಪಿಗೂ ಹೊರಟ ಹೊತ್ತು, ಮುಟ್ಟಿದ ಹೊತ್ತು ಬರೆಯುತ್ತಾನೆ. ಮನೆಯಲ್ಲಿ ಇಬ್ಬರೂ ಬಟ್ಟಲು ತೊಳೆದಿಟ್ಟಿದ್ದರು.

"ಎಬ್ಬಿಸಿ ಒಂದು ಮಾತು ಕೇಳಬಾರದಿತ್ತಾ?"

"ಆಗಷ್ಟೇ ಕಣ್ಣು ಮುಚ್ಚಿರ್ತೀಯ. ನಾಯಿಗೆ ಅನ್ನ ಹಾಕಿದ್ಯಾ ಅಂತ ಎಬ್ಬಿಸೋದಾ?"

"ಫೋನಲ್ಲಿ?"

"ಇವತ್ತೂ ಮರೆತೆ, ಇವತ್ತೂ ಮರೆತೆ ಅಂತ ದಿನಾ ಚುಚ್ಚೋದಾ? ಚೆನ್ನಾಗಿರುತ್ತಾ?"

ಜಗಳವಾಡಲು ಬೇಕಾದಷ್ಟು ಕಾರಣ ಅವಳಲ್ಲಿತ್ತು, ತ್ರಾಣ ಇರಲಿಲ್ಲ. ಅವಳು ಅವನ ಮುಖ ನೋಡಿದಳು. ಹಗಲ ಬೆಳಕಿನಲ್ಲಿ ಇಷ್ಟು ಹತ್ತಿರದಿಂದ ನೋಡಿ ಬಹಳ ದಿನವಾಗಿತ್ತು. ಕಣ್ಣ ಕೆಳಗೆ ಕಪ್ಪಾಗಿತ್ತು. ಗಡ್ಡ ಎರಡು ದಿನದ್ದು.

"ನೀವು ಊಟ ಮಾಡ್ತಿದೀರಾ ಸರಿಯಾಗಿ?" ಎಂದು ಕೇಳಿದಳು.

"ನಂದು ಬಿಡು. ನಿಂದು?"

ಮೇಲೆ ಬಸ್ಸಿನ ಕಿಟಕಿಯಿಂದ ಯಾರೋ ಕೂಗಿದರು. "ಡ್ರೈವರ್ ಸಾರ್, ಸ್ನಾನ ಮುಗೀತಾ?"

ಉಳಿದ ನಲವತ್ತು ಹೆಜ್ಜೆ ಮುಗಿಸಿ, ನಾಯಿಯನ್ನು ಶೀಟು ಸಮೇತ ಹಿಂದಿನ ಸೀಟಿಗೆ ಜಾರಿಸಿದರು. ಪ್ರವಾಸಿ ಟ್ಯೂಬು ಸರಿಮಾಡಿಕೊಂಡು ನೀರಿನ ಕಡೆ ಹೋದ. ಬಸ್ಸು ಎಂಟು ಹದಿನಾಲ್ಕಕ್ಕೆ ಹೊರಟಿತು, ಮೂರು ನಿಮಿಷ ತಡವಾಗಿ. ತಡವಾದ ಕಾರಣ ಎಂಬ ಅಂಕಣದಲ್ಲಿ ಗಂಡ "ದಾರಿಗೆ ಅಡ್ಡ ಪ್ರಾಣಿ" ಎಂದು ಬರೆದ.

ಕ್ಲಿನಿಕ್ಕಿನ ಬಾಗಿಲು ತೆರೆಯುವವರೆಗೆ ಅವಳು ಕಾರಿನಲ್ಲೇ ಕೂತಳು. ಕಿಟಕಿ ಇಳಿಸಿ, ಸ್ಟೇರಿಂಗಿಗೆ ಹಣೆ ಕೊಟ್ಟಳು. ಹಿಂದಿನಿಂದ ನಾಯಿಯ ಗೊರಕೆ ಕೇಳಿಸುತ್ತಿತ್ತು. ಹತ್ತು ಗಂಟೆಗೆ ಕ್ಲಿನಿಕ್ಕಿನ ಇಬ್ಬರು ಬಂದು ಅದನ್ನು ನೆಲಮಟ್ಟದ ತಕ್ಕಡಿಗೆ ಸಾಗಿಸಿದರು. ಮೂವತ್ತಾರು ಕಿಲೋ ನಾನೂರು ಗ್ರಾಂ.

ಡಾಕ್ಟರಮ್ಮ ಅಂಕಿಯನ್ನು ಎರಡು ಸಲ ಓದಿದರು. "ಸಿಸ್ಟರ್, ಹೇಗೆ?"

ಅವಳು ಹೇಳಿದಳು. ಚಿಕ್ಕದಾಗಿ, ವಾರ್ಡಿನಲ್ಲಿ ಪಾಳಿ ಒಪ್ಪಿಸುವ ಧಾಟಿಯಲ್ಲಿ: ಯಾರು, ಎಷ್ಟು ಹೊತ್ತಿಗೆ, ಎಷ್ಟು. ಡಾಕ್ಟರಮ್ಮ ನಗಲಿಲ್ಲ. ಫೈಲಿನಲ್ಲಿ ಎರಡು ಎಂದಿದ್ದ ಕಡೆ ಗೀಟು ಹಾಕಿ ನಾಲ್ಕು ಎಂದು ಬರೆದರು. ಎಡ ಮಂಡಿಯನ್ನು ಹಿಂದೆ ಮುಂದೆ ಜರುಗಿಸಿ ನೋಡಿದರು.

"ಹರಿದಿಲ್ಲ. ಊದಿದೆ. ಬಲಗಾಲಿನ ಕೆಲಸವನ್ನೂ ಇದೇ ಮಾಡ್ತಿದೆಯಲ್ಲ. ಶನಿವಾರದ ಪಟ್ಟಿಯಿಂದ ತೆಗೀಬೇಕಾಗುತ್ತೆ."

"ಮುಂದಿನದು?"

"ಶನಿವಾರದಿಂದ ಐದು ವಾರಕ್ಕೆ. ಅಲ್ಲೀವರೆಗೆ ಈ ಮಂಡಿ ತಡೀಬೇಕು. ತಡೆಯುತ್ತೆ ಅಂತ ಭರವಸೆ ಕೊಡಕ್ಕಾಗಲ್ಲ. ಆದರೆ ಕಾಯಿಲೆ ಏನೂ ಇಲ್ಲ ಅಂತ ಆಯ್ತಲ್ಲ. ನಾಲ್ಕು ಲೋಟ ತಿಂದು, ನಲವತ್ತು ದಿನದಲ್ಲಿ ಒಂಬೈನೂರು ಗ್ರಾಂ ಮಾತ್ರ ಏರಿದೆ. ಸಮುದ್ರದಲ್ಲಿ ನಡೆಸದಿದ್ದರೆ ಇಷ್ಟೊತ್ತಿಗೆ ನಲವತ್ತು ಕಿಲೋ ದಾಟಿರೋದು."

"ಸಮುದ್ರ ಮತ್ತೆ ಯಾವಾಗಿಂದ?"

"ಒಂದು ವಾರ ಬೇಡ. ಮುಂದಿನ ಗುರುವಾರದಿಂದ, ಹತ್ತೇ ನಿಮಿಷ. ಆಮೇಲೆ ನಿಧಾನಕ್ಕೆ ಏರಿಸಿ."

ನರ್ಸ್ ಕ್ಲಿನಿಕ್ಕಿನ ಅಂಗಳದಲ್ಲಿ ನಿಂತು ಮೇಲ್ವಿಚಾರಕಿಗೆ ಫೋನು ಮಾಡಿದಳು. ಇನ್ನೂ ಐದು ವಾರ ರಾತ್ರಿ ಪಾಳಿಯಲ್ಲೇ ಇರುತ್ತೇನೆ ಎಂದಳು. ಮೇಲ್ವಿಚಾರಕಿ, "ನಿನಗೇನಮ್ಮಾ ಹುಚ್ಚು?" ಎಂದರು. ಆಮೇಲೆ, ಆ ಪಾಳಿ ಕೇಳುವವರು ಬೇರೆ ಯಾರೂ ಇರಲಿಲ್ಲವಾದ್ದರಿಂದ, ಖುಷಿಯಿಂದ ಒಪ್ಪಿದರು.

ಮನೆ ತಲುಪಿದಾಗ ಹತ್ತು ಐವತ್ತು. ಪಕ್ಕದ ಮನೆಯವರ ಸಹಾಯದಿಂದ ನಾಯಿಯನ್ನು ಒಳಗೆ ಇಳಿಸಿಕೊಂಡಳು. ಒಂದು ಲೋಟ ಅಳೆದು ಹಾಕಿದಳು. ತಿಂದು ಮುಗಿಸಲು ಅದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಬಟ್ಟಲು ತೊಳೆದಳು, ಒರೆಸಿದಳು, ಬೋರಲು ಹಾಕಲು ಹೋಗಿ ನಿಲ್ಲಿಸಿದಳು. ಕೈಚೀಲದಲ್ಲಿ ಡ್ರಿಪ್ ಬಾಟಲಿಗೆ ಅಂಟಿಸುವ ಬಿಳಿ ಟೇಪಿನ ಉರುಳೆ ಇತ್ತು. ಒಂದು ತುಂಡು ಹರಿದು ಬಟ್ಟಲಿನ ತಳಕ್ಕೆ ಅಂಟಿಸಿ ಪೆನ್ನಿನಿಂದ ಬರೆದಳು: ಬುಧವಾರ, 10.55, ಒಂದು ಲೋಟ, ಕೊಟ್ಟಿದೆ. ಕೆಳಗೆ ಸಹಿ ಹಾಕಿದಳು. ಆಮೇಲೆ ಬಟ್ಟಲನ್ನು ಬೋರಲು ಹಾಕಿ, ಸಮವಸ್ತ್ರ ಬದಲಿಸದೆ ಮಲಗಿದಳು.

ಹನ್ನೊಂದು ಇಪ್ಪತ್ತಕ್ಕೆ ಗಂಡ ಬಂದ. ನಾಯಿ ಬಾಗಿಲಲ್ಲಿ ಕೂತಿರಲಿಲ್ಲ. ಚಾಪೆಯ ಮೇಲೆ ಮಲಗಿದ್ದಲ್ಲಿಂದಲೇ ಅವನನ್ನು ನೋಡಿತು. ಅವನು ಬಟ್ಟಲಿನ ಬಳಿ ಹೋಗಿ ಬಗ್ಗಿ ಓದಿದ.

"ಸಿಕ್ಕಿಬಿದ್ದೆ ಕಣೋ," ಎಂದು ನಾಯಿಗೆ ಪಿಸುಗುಟ್ಟಿದ.

ಅಂಗಿಯ ಜೇಬಿನಿಂದ ಪೆನ್ನು ತೆಗೆದು ಅವಳ ಸಹಿಯ ಕೆಳಗೆ ಬರೆದ: 11.22, ನೋಡಿದೆ, ಕೊಟ್ಟಿಲ್ಲ. ಕೋಣೆಯೊಳಗೆ ಹೋಗಿ ಅವಳ ಕಾಲಿನಿಂದ ಬೂಟು ಬಿಚ್ಚಿದ. ಅವಳಿಗೆ ಎಚ್ಚರವಾಗಲಿಲ್ಲ. ಮಂಚದ ಉಳಿದ ಜಾಗದಲ್ಲಿ ತಾನೂ ಮಲಗಿದ.

ಮುಂದಿನ ಗುರುವಾರ ಬೆಳಿಗ್ಗೆ ಆರು ಐವತ್ತೆಂಟಕ್ಕೆ ನಾಯಿ ಮತ್ತೆ ನೀರಿಗಿಳಿಯಿತು. ಹತ್ತು ನಿಮಿಷ ನಡೆಯಿತು. ಅಂದಿನ ತೂಕ ಮೂವತ್ತೈದು ಕಿಲೋ ಏಳುನೂರು ಗ್ರಾಂ.